ಹಳೆಯ ಕಂಪ್ಯೂಟರಿಗೆ ಯಾವ ಗ್ರಾಫಿಕ್ಸ್ ಕಾರ್ಡ್? ಪರೀಕ್ಷೆಗಳು ಹೇಳುವುದೇನು, ಬಿಡುವುದೇನು

2022ರ ಜನವರಿಯಲ್ಲಿ ಎಎಂಡಿ ಕಂಪನಿ ರೇಡಿಯಾನ್ ಆರ್‌ಎಕ್ಸ್ 6500 ಎಕ್ಸ್‌ಟಿ ಎಂಬ ಗ್ರಾಫಿಕ್ಸ್ ಕಾರ್ಡನ್ನು ಮಾರುಕಟ್ಟೆಗೆ ತಂದಿತು. ಘೋಷಿಸಿದ ಬೆಲೆ 199 ಡಾಲರ್. ಚಿಪ್ ಕೊರತೆಯೂ ಕ್ರಿಪ್ಟೊ ಗಣಿಗಾರಿಕೆಯೂ ಸೇರಿ ಕಾರ್ಡ್‌ಗಳ ಬೆಲೆ ಗಗನಕ್ಕೇರಿದ್ದ ದಿನಗಳವು. ಅಷ್ಟು ಕಡಿಮೆ ಬೆಲೆಯ ಕಾರ್ಡಿಗೆ ಕೈಚಾಚುವವರು ಹೆಚ್ಚಾಗಿ ಐದಾರು ವರ್ಷ ಹಳೆಯ ಕಂಪ್ಯೂಟರನ್ನು ಇನ್ನೊಂದಷ್ಟು ಕಾಲ ಓಡಿಸಬೇಕೆಂದಿರುವವರು. ವಿಮರ್ಶಕರು ಆ ಕಾರ್ಡನ್ನು ಪಿಸಿಐ ಎಕ್ಸ್‌ಪ್ರೆಸ್ 4.0 ಇರುವ ಹೊಸ ಮದರ್‌ಬೋರ್ಡಿನಲ್ಲಿ ಒಮ್ಮೆ, 3.0 ವೇಗದಲ್ಲಿ ಇನ್ನೊಮ್ಮೆ ಇಟ್ಟು ಅಳೆದರು. 3.0ರಲ್ಲಿ ಹಲವು ಆಟಗಳ ವೇಗ ಎರಡಂಕಿಯ ಶೇಕಡಾವಾರಿನಲ್ಲಿ ಕುಸಿಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಬಂದ 1,599 ಡಾಲರಿನ, ಎನ್‌ವಿಡಿಯಾ ಕಂಪನಿಯ ಆರ್‌ಟಿಎಕ್ಸ್ 4090 ಕಾರ್ಡನ್ನು ಹೀಗೆಯೇ 3.0ಕ್ಕೆ ಇಳಿಸಿ ಅಳೆದಾಗ ಆದ ನಷ್ಟ ಶೇ 2ರ ಆಸುಪಾಸು.

ಅತ್ಯಂತ ದುಬಾರಿ ಕಾರ್ಡ್ ಹಳೆಯ ಸ್ಲಾಟನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಹಳೆಯ ಕಂಪ್ಯೂಟರಿನವರ ಕೈಗೆಟುಕುವ ಕಾರ್ಡ್ ಅಲ್ಲೇ ಮುಗ್ಗರಿಸಿತು. ಈ ಲೇಖನದ ಪ್ರಶ್ನೆ ಇಲ್ಲಿಂದ ಹುಟ್ಟುತ್ತದೆ. ಒಂದು ಕಾರ್ಡ್ ಹಳೆಯ ಕಂಪ್ಯೂಟರಿಗೆ ಹೊಂದುತ್ತದೆಯೇ, ಹೊಂದಿದರೆ ಎಷ್ಟು ವೇಗ ಕೊಡುತ್ತದೆ ಎಂಬುದನ್ನು ಹೇಗೆ ಪರೀಕ್ಷಿಸಬೇಕು? ಯಾರ ಯಂತ್ರದ ಮೇಲೆ ಪರೀಕ್ಷಿಸಬೇಕು? ಇಪ್ಪತ್ತೈದು ವರ್ಷಕ್ಕೂ ಮೀರಿ ಈ ವಾದ ನಡೆದಿದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಬೆಂಬಲ ನಿಂತ ಮೇಲೆ, ಹಳೆಯ ಯಂತ್ರವನ್ನು ಇಟ್ಟುಕೊಳ್ಳಬೇಕೋ ಬಿಡಬೇಕೋ ಎಂಬ ಯೋಚನೆ ಅಸಂಖ್ಯ ಮನೆಗಳಲ್ಲಿ ಎದ್ದಿರುವುದರಿಂದ ವಾದಕ್ಕೆ ಹೊಸ ತುರ್ತು ಬಂದಿದೆ.

ಸ್ಲಾಟಿನಿಂದ ಸ್ಲಾಟಿಗೆ

1981ರ ಐಬಿಎಂ ಪಿಸಿಯಿಂದಲೂ ಗ್ರಾಫಿಕ್ಸ್ ಕಾರ್ಡ್ ಬೇರೆಯದೇ ಬಿಡಿಭಾಗ. ಮೊದಲು ಐಎಸ್‌ಎ ಸ್ಲಾಟ್, 1992ರ ಹೊತ್ತಿಗೆ ವೀಸಾ ಲೋಕಲ್ ಬಸ್, ಅದರ ಬೆನ್ನಿಗೇ ಪಿಸಿಐ. ಪಿಸಿಐ ಸೆಕೆಂಡಿಗೆ 133 ಎಂಬಿ ಸಾಗಿಸುತ್ತಿತ್ತು, ಆದರೆ ಸೌಂಡ್ ಕಾರ್ಡ್, ನೆಟ್‌ವರ್ಕ್ ಕಾರ್ಡ್ ಎಲ್ಲವೂ ಆ ಒಂದೇ ದಾರಿಯನ್ನು ಹಂಚಿಕೊಳ್ಳಬೇಕಿತ್ತು. ಮೂರು ಆಯಾಮದ ಆಟಗಳು ಬಂದಾಗ ಅದು ಸಾಲದೆ, ಇಂಟೆಲ್ 1996ರಲ್ಲಿ ಗ್ರಾಫಿಕ್ಸಿಗೇ ಮೀಸಲಾದ ಎಜಿಪಿಯನ್ನು ರೂಪಿಸಿತು. ಮರುವರ್ಷ 440ಎಲ್‌ಎಕ್ಸ್ ಚಿಪ್‌ಸೆಟ್ಟಿನೊಂದಿಗೆ ಅದು ಬೋರ್ಡುಗಳ ಮೇಲೆ ಕಾಣಿಸಿಕೊಂಡಿತು.

ಹೊಂದಾಣಿಕೆಯ ಕಥೆಯಲ್ಲಿ ಎಜಿಪಿಯ ಅಧ್ಯಾಯವೇ ಅತ್ಯಂತ ಕಲಿಸುವಂಥದ್ದು. ಮೊದಲ ಎಜಿಪಿ 3.3 ವೋಲ್ಟಿನದು. 1998ರ ಎರಡನೆಯ ಆವೃತ್ತಿ 1.5 ವೋಲ್ಟಿಗೆ ಇಳಿಯಿತು. 2002ರ ಮೂರನೆಯದರಲ್ಲಿ ಸಂಕೇತದ ವೋಲ್ಟೇಜ್ 0.8ಕ್ಕೆ ಬಂತು. ತಪ್ಪು ಕಾರ್ಡ್ ತಪ್ಪು ಸ್ಲಾಟಿಗೆ ಕೂರದಿರಲೆಂದು ಕಾರ್ಡಿನ ಅಂಚಿನಲ್ಲಿ ಕಚ್ಚು, ಸ್ಲಾಟಿನಲ್ಲಿ ಅದಕ್ಕೆ ತಕ್ಕ ಅಡ್ಡ ಇಟ್ಟರು. ವ್ಯವಸ್ಥೆ ಚೆನ್ನಾಗಿಯೇ ಇತ್ತು. ಆದರೆ ಕೆಲವು ಅಗ್ಗದ ಕಾರ್ಡ್‌ಗಳು 3.3 ವೋಲ್ಟಿನವೇ ಆಗಿದ್ದೂ ಎರಡೂ ಕಡೆ ಕಚ್ಚು ಮಾಡಿಸಿಕೊಂಡು ಬಂದವು. ಅಂಥದ್ದನ್ನು 1.5 ವೋಲ್ಟ್ ಮಾತ್ರ ಸಹಿಸುವ ಇಂಟೆಲ್ 845ರಂಥ ಚಿಪ್‌ಸೆಟ್ಟಿನ ಬೋರ್ಡಿಗೆ ಸಿಕ್ಕಿಸಿದರೆ ಬೋರ್ಡೇ ಸುಟ್ಟುಹೋಗುವ ಅಪಾಯವಿತ್ತು. ಕಾರ್ಡ್ ಸ್ಲಾಟಿನಲ್ಲಿ ಸಲೀಸಾಗಿ ಕೂತಿತೆಂದರೆ ಹೊಂದಿತು ಎಂದರ್ಥವಲ್ಲ ಎಂಬುದನ್ನು ಜನ ದುಡ್ಡು ಕಳೆದುಕೊಂಡು ಕಲಿತರು.

ಅದೇ ಕಾಲದ ಸೂಪರ್ ಸಾಕೆಟ್ 7 ಬೋರ್ಡುಗಳದು ಇನ್ನೊಂದು ಬಗೆಯ ತೊಂದರೆ. ಇಂಟೆಲ್ ಅಲ್ಲದ ಚಿಪ್‌ಸೆಟ್ಟುಗಳ ಎಜಿಪಿ ಸರಿಯಾಗಿ ನಡೆಯಬೇಕಾದರೆ ಅವುಗಳದೇ ಡ್ರೈವರ್ ಮೊದಲು ಹಾಕಬೇಕಿತ್ತು. ವಿಯಾ ಕಂಪನಿಯ 4-ಇನ್-1 ಡ್ರೈವರನ್ನು ಆ ಕಾಲದ ಅಸೆಂಬ್ಲರ್‌ಗಳು ಮರೆತಿರಲಾರರು. ಹೆಚ್ಚು ಕರೆಂಟ್ ಎಳೆಯುವ ಕಾರ್ಡ್‌ಗಳಿಗೆ ಕೆಲವು ಬೋರ್ಡುಗಳು ಸಾಕಷ್ಟು ವಿದ್ಯುತ್ ಕೊಡಲಾರದೆ ಆಟದ ನಡುವೆ ನಿಂತುಬಿಡುತ್ತಿದ್ದವು. ಕಾರ್ಡಿನಲ್ಲೂ ದೋಷವಿಲ್ಲ, ಬೋರ್ಡಿನಲ್ಲೂ ಇಲ್ಲ, ಜೋಡಿಯಲ್ಲಿ ಮಾತ್ರ ದೋಷ.

2004ರಲ್ಲಿ ಇಂಟೆಲ್ 915 ಮತ್ತು 925 ಚಿಪ್‌ಸೆಟ್ಟುಗಳೊಂದಿಗೆ ಬಂದ ಪಿಸಿಐ ಎಕ್ಸ್‌ಪ್ರೆಸ್ (ಮುಂದೆ ಪಿಸಿಐಇ ಎನ್ನೋಣ) ಈ ಗೋಜಲನ್ನು ಬಹುಮಟ್ಟಿಗೆ ಬಗೆಹರಿಸಿತು. ಯಾವ ತಲೆಮಾರಿನ ಕಾರ್ಡನ್ನು ಯಾವ ತಲೆಮಾರಿನ ಸ್ಲಾಟಿಗೆ ಹಾಕಿದರೂ ಎರಡರಲ್ಲಿ ನಿಧಾನದ ವೇಗಕ್ಕೆ ಇಬ್ಬರೂ ಒಪ್ಪಿ ನಡೆಯಬೇಕೆಂಬುದು ಅದರ ನಿಯಮ. ಪ್ರತಿ ತಲೆಮಾರಿಗೂ ವೇಗ ಸುಮಾರು ಎರಡರಷ್ಟು. 16 ಲೇನಿನ (ದತ್ತಾಂಶದ ದಾರಿಯ) ಸ್ಲಾಟ್ ಮೊದಲ ಆವೃತ್ತಿಯಲ್ಲಿ ಸೆಕೆಂಡಿಗೆ 4 ಜಿಬಿ, ಎರಡನೆಯದರಲ್ಲಿ 8, ಮೂರನೆಯದರಲ್ಲಿ ಹತ್ತಿರಹತ್ತಿರ 16. ಹೊಂದಾಣಿಕೆಯ ಪ್ರಶ್ನೆಯೇ ಮುಗಿಯಿತೆಂದು ಎಲ್ಲರೂ ಭಾವಿಸಿದರು. ಅದು ಮುಗಿಯದೆ ವಿದ್ಯುತ್ತು, ಫರ್ಮ್‌ವೇರ್, ಡ್ರೈವರುಗಳ ಒಳಗೆ ಹೋಗಿ ಕೂತಿತು.

ವೇಗಕ್ಕೆ ಮೊದಲಿನ ಪರೀಕ್ಷೆ

ಮೊದಲು ವಿದ್ಯುತ್ತು. ಪಿಸಿಐಇ ಸ್ಲಾಟ್ ತಾನಾಗಿ ಕೊಡಬೇಕಾದದ್ದು ಗರಿಷ್ಠ 75 ವಾಟ್. 6 ಪಿನ್ನಿನ ವೈರ್ ಇನ್ನೊಂದು 75, 8 ಪಿನ್ನಿನದು 150. ಕಚೇರಿಗಳಿಂದ ಹೊರಬಿದ್ದ ಬ್ರಾಂಡೆಡ್ ಡೆಸ್ಕ್‌ಟಾಪುಗಳ ಎಸ್‌ಎಂಪಿಎಸ್‌ನಲ್ಲಿ ಈ ವೈರ್‌ಗಳೇ ಇರುವುದಿಲ್ಲ. ಆದ್ದರಿಂದಲೇ ಸ್ಲಾಟಿನ ವಿದ್ಯುತ್ತಿನಲ್ಲೇ ನಡೆಯುವ ಜಿಟಿಎಕ್ಸ್ 750 ಟಿಐ (2014), 1050 ಟಿಐ (2016), 1650 (2019) ಕಾರ್ಡ್‌ಗಳಿಗೆ ಹಳೆಯ ಕಂಪ್ಯೂಟರಿನವರಲ್ಲಿ ಇಷ್ಟು ಮರ್ಯಾದೆ. ಕ್ಯಾಬಿನೆಟ್ ಸಣ್ಣದಾದರೆ ಅದರಲ್ಲೂ ಲೋ ಪ್ರೊಫೈಲ್ ಕಾರ್ಡೇ ಬೇಕು. 75 ವಾಟಿನ ಗೆರೆ ಎಷ್ಟು ಮುಖ್ಯ ಎಂಬುದನ್ನು 2016ರ ಜೂನಿನಲ್ಲಿ ಬಂದ ಆರ್‌ಎಕ್ಸ್ 480 ತೋರಿಸಿತು. ವಿಮರ್ಶಕರು ಉಪಕರಣ ಇಟ್ಟು ಅಳೆದಾಗ ಅದು ಸ್ಲಾಟಿನಿಂದ ಮಿತಿ ಮೀರಿ ವಿದ್ಯುತ್ ಎಳೆಯುತ್ತಿತ್ತು. ಹೊಸ ಬೋರ್ಡುಗಳು ಅದನ್ನು ತಡೆದುಕೊಳ್ಳಬಹುದು, ಹಳೆಯವು ತಡೆದಾವೇ ಎಂಬ ಆತಂಕ ಎದ್ದಿತು. ಎಎಂಡಿ ಮುಂದಿನ ತಿಂಗಳೇ ಡ್ರೈವರ್ ತಿದ್ದಿ ಸರಿಪಡಿಸಿತು. ಗೋಡೆಯ ಪ್ಲಗ್ಗಿನಲ್ಲಿ ಮೀಟರ್ ಇಟ್ಟು ಒಟ್ಟು ವಾಟ್ ನೋಡಿ ಸುಮ್ಮನಾಗಿದ್ದರೆ ಈ ದೋಷ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಎರಡನೆಯದು ಫರ್ಮ್‌ವೇರ್. ಕಂಪ್ಯೂಟರ್ ಆನ್ ಆದೊಡನೆ ಪರದೆಯ ಮೇಲೆ ಅಕ್ಷರ ಮೂಡಿಸುವ ಕೆಲಸ ಕಾರ್ಡಿನೊಳಗಿನ ಪುಟ್ಟ ಪ್ರೋಗ್ರಾಮಿನದು. ಹಳೆಯ ಬಯಾಸ್ ಒಂದು ಬಗೆಯದನ್ನು ಕೇಳುತ್ತದೆ, ಅದರ ಜಾಗಕ್ಕೆ ಬಂದ ಯುಇಎಫ್‌ಐ ಇನ್ನೊಂದು ಬಗೆಯದನ್ನು. 2012ರಲ್ಲಿ ವಿಂಡೋಸ್ 8ರೊಂದಿಗೆ ಸೆಕ್ಯೂರ್ ಬೂಟ್ ಬಂದ ಮೇಲೆ ಈ ಬಿರುಕು ಅಗಲವಾಯಿತು. ಹಳೆಯ ಕಾರ್ಡ್ ಹೊಸ ಬೋರ್ಡಿನಲ್ಲಿ, ಹೊಸ ಕಾರ್ಡ್ ಹಳೆಯ ಬೋರ್ಡಿನಲ್ಲಿ ಫ್ಯಾನ್ ತಿರುಗಿಸುತ್ತಾ ಡಿಸ್‌ಪ್ಲೇ ಕೊಡದೆ ನಿಲ್ಲುವುದಕ್ಕೆ ಎಷ್ಟೋ ಸಲ ಇದೇ ಕಾರಣ. ಅಂಗಡಿಯಲ್ಲಿ ‘ಕಾರ್ಡ್ ಡೆಡ್’ ಎಂದು ಬದಿಗಿಟ್ಟವುಗಳಲ್ಲಿ ಇಂಥವೂ ಇರುತ್ತವೆ.

ಮೂರನೆಯದು ಡ್ರೈವರ್. ಎನ್‌ವಿಡಿಯಾ 2018ರಲ್ಲಿ 390ನೇ ಸರಣಿಯ ನಂತರ 32 ಬಿಟ್ ವಿಂಡೋಸಿಗೆ ಡ್ರೈವರ್ ಕೊಡುವುದನ್ನು ಬಿಟ್ಟಿತು. 2021ರಲ್ಲಿ ಕೆಪ್ಲರ್ ಸರಣಿಯ ಕಾರ್ಡ್‌ಗಳನ್ನು ಕೈಬಿಟ್ಟಿತು. 2025ರ ಅಕ್ಟೋಬರಿನಲ್ಲಿ ಮ್ಯಾಕ್ಸ್‌ವೆಲ್, ಪಾಸ್ಕಲ್ ಸರಣಿಗಳಿಗೆ, ಅಂದರೆ ಮೇಲೆ ಹೇಳಿದ 750 ಟಿಐ ಮತ್ತು 1050 ಟಿಐಗಳಿಗೆ, ಹೊಸ ಆಟಗಳ ಡ್ರೈವರ್ ನಿಂತಿತು. ಭದ್ರತಾ ತಿದ್ದುಪಡಿಗಳು ಮಾತ್ರ ಇನ್ನೂ ಕೆಲ ವರ್ಷ ಬರಲಿವೆ. ಲಿನಕ್ಸಿನಲ್ಲಿ ಪರಿಸ್ಥಿತಿ ಬೇರೆ. ಅಲ್ಲಿ ಮೆಸಾ ಎಂಬ ಮುಕ್ತ ತಂತ್ರಾಂಶದ ದೆಸೆಯಿಂದ 2012ರ ರೇಡಿಯಾನ್ ಕಾರ್ಡ್ ಕೂಡ ವಲ್ಕನ್ ಬಳಸಿ ಆಟ ಓಡಿಸಬಲ್ಲದು. ಒಂದೇ ಕಾರ್ಡ್, ಒಂದೇ ಕಂಪ್ಯೂಟರ್, ಒಂದು ಆಪರೇಟಿಂಗ್ ಸಿಸ್ಟಮ್ಮಿನಲ್ಲಿ ಸತ್ತಂತೆ, ಇನ್ನೊಂದರಲ್ಲಿ ಜೀವಂತ. ‘ಹೊಂದುತ್ತದೆಯೇ’ ಎಂಬ ಪ್ರಶ್ನೆಗೆ ಹೌದು ಅಥವಾ ಇಲ್ಲ ಎಂದು ಒಂದೇ ಮಾತಿನಲ್ಲಿ ಉತ್ತರಿಸುವ ಪಟ್ಟಿಗಳನ್ನು ನಾನು ನಂಬದಿರುವುದು ಇದಕ್ಕೇ.

ಅಳತೆಗೋಲಿನ ಇತಿಹಾಸ

ವೇಗ ಅಳೆಯುವ ಪರಿಪಾಠ ಶುರುವಾದದ್ದು ಆಟಗಳಿಂದ. 1996ರ ಕ್ವೇಕ್ ಆಟದಲ್ಲಿ ‘ಟೈಮ್‌ಡೆಮೊ’ ಎಂಬ ಆದೇಶವಿತ್ತು. ಮೊದಲೇ ಧ್ವನಿಮುದ್ರಿಕೆಯಂತೆ ದಾಖಲಿಸಿಟ್ಟ ಆಟವನ್ನು ಎಷ್ಟು ಬೇಗ ಆಗುತ್ತದೋ ಅಷ್ಟು ಬೇಗ ಓಡಿಸಿ, ಸೆಕೆಂಡಿಗೆ ಸರಾಸರಿ ಎಷ್ಟು ಫ್ರೇಮ್ ಬಂತೆಂದು ಅದು ಹೇಳುತ್ತಿತ್ತು. ಅದೇ ವರ್ಷ ಬಂದ 3ಡಿಎಫ್‌ಎಕ್ಸ್ ಕಂಪನಿಯ ವೂಡೂ ಕಾರ್ಡ್, ನಂತರದ ವೂಡೂ 2, ರಿವಾ ಟಿಎನ್‌ಟಿಗಳ ಪೈಪೋಟಿಯೆಲ್ಲ ಇಂಥ ಅಂಕಿಗಳ ಮೇಲೇ ನಡೆಯಿತು. 1998ರಲ್ಲಿ 3ಡಿಮಾರ್ಕ್ ಬಂತು. ಆಟದ ಗೊಡವೆಯಿಲ್ಲದೆ ಅಳತೆಗೆಂದೇ ಮಾಡಿದ ದೃಶ್ಯಗಳು, ಕೊನೆಗೆ ಒಂದು ಅಂಕ.

ಒಂದೇ ಅಂಕ ಮಾರಾಟ ನಿರ್ಧರಿಸತೊಡಗಿದಾಗ ಕಂಪನಿಗಳು ಆ ಅಂಕದ ಮೇಲೇ ಕೈಯಾಡಿಸಿದವು. 2001ರಲ್ಲಿ ಎಟಿಐ ಕಂಪನಿಯ ರೇಡಿಯಾನ್ 8500 ಕಾರ್ಡಿನ ಡ್ರೈವರ್ ಕ್ವೇಕ್ 3 ಆಟದ ಹೆಸರನ್ನು ಗುರುತಿಸಿ ಚಿತ್ರದ ಗುಣಮಟ್ಟ ಇಳಿಸುತ್ತಿತ್ತು. ಫೈಲಿನ ಹೆಸರನ್ನು ‘ಕ್ವ್ಯಾಕ್’ ಎಂದು ಬದಲಿಸಿದೊಡನೆ ವೇಗವೂ ಇಳಿದು ಚಿತ್ರವೂ ಸರಿಹೋಯಿತು. 2003ರಲ್ಲಿ ಎನ್‌ವಿಡಿಯಾ ಡ್ರೈವರುಗಳು 3ಡಿಮಾರ್ಕ್ 03 ಓಡುತ್ತಿರುವುದನ್ನು ಪತ್ತೆಹಚ್ಚಿ ಕೆಲಸ ತಪ್ಪಿಸುತ್ತಿವೆ ಎಂದು ಅದರ ತಯಾರಕರಾದ ಫ್ಯೂಚರ್‌ಮಾರ್ಕ್ ವರದಿ ಪ್ರಕಟಿಸಿದರು. ತಿದ್ದಿದ ಆವೃತ್ತಿಯಲ್ಲಿ ಜಿಫೋರ್ಸ್ ಎಫ್‌ಎಕ್ಸ್ 5900 ಅಲ್ಟ್ರಾದ ಅಂಕ ಸುಮಾರು ಐದನೇ ಒಂದು ಭಾಗ ಇಳಿಯಿತು. ಕೆಲವೇ ದಿನಗಳಲ್ಲಿ ಎರಡೂ ಕಂಪನಿಗಳು ಜಂಟಿ ಹೇಳಿಕೆ ಕೊಟ್ಟು ಮಾತು ಮೃದುಗೊಳಿಸಿದವು. ವಿಮರ್ಶಕರು ಮಾತ್ರ ಅಲ್ಲಿಂದಾಚೆಗೆ ನಿಜವಾದ ಆಟಗಳ ಕಡೆಗೇ ಹೆಚ್ಚು ವಾಲಿದರು.

ಕಾರ್ಡನ್ನಷ್ಟೇ ಅಳೆಯಿರಿ ಎನ್ನುವವರು

ಮುಖ್ಯವಾಹಿನಿಯ ವಿಮರ್ಶೆಯ ಪಂಥ ಇದು. ಆ ಹೊತ್ತಿನ ಅತಿ ವೇಗದ ಪ್ರೊಸೆಸರ್, ಧಾರಾಳ ರ್‍ಯಾಮ್, ಹೊಸ ಬೋರ್ಡ್ ಇಟ್ಟುಕೊಂಡು ಕಾರ್ಡನ್ನು ಮಾತ್ರ ಬದಲಿಸುತ್ತಾ ಹೋಗುತ್ತಾರೆ. ಹಿಂದಿರುವ ತರ್ಕ ಗಟ್ಟಿಯಾದದ್ದೇ. ಪ್ರತಿ ಫ್ರೇಮಿಗೂ ಪ್ರೊಸೆಸರ್ ಮೊದಲು ಏನು ಬಿಡಿಸಬೇಕೆಂಬ ಪಟ್ಟಿ ತಯಾರಿಸುತ್ತದೆ, ಕಾರ್ಡ್ ಅದನ್ನು ಬಿಡಿಸುತ್ತದೆ. ಜೋಡೆತ್ತಿನ ಗಾಡಿಯಲ್ಲಿ ನಿಧಾನದ ಎತ್ತಿನ ನಡಿಗೆಯೇ ಗಾಡಿಯ ನಡಿಗೆಯಾಗುವಂತೆ ಇಬ್ಬರಲ್ಲಿ ಹೆಚ್ಚು ಹೊತ್ತು ತೆಗೆದುಕೊಳ್ಳುವವರೇ ವೇಗ ನಿರ್ಧರಿಸುತ್ತಾರೆ. ಪ್ರೊಸೆಸರಿಗೆ ಒಂದು ಫ್ರೇಮಿಗೆ 20 ಮಿಲಿಸೆಕೆಂಡ್ ಬೇಕಿದ್ದರೆ, ಕಾರ್ಡ್ 10ರಲ್ಲಿ ಮುಗಿಸಲಿ, 5ರಲ್ಲಿ ಮುಗಿಸಲಿ, ಪರದೆಯ ಮೇಲೆ ಬರುವುದು ಸೆಕೆಂಡಿಗೆ 50 ಫ್ರೇಮ್. ಅಂಥ ಯಂತ್ರದಲ್ಲಿ ಹತ್ತು ಕಾರ್ಡ್ ಪರೀಕ್ಷಿಸಿದರೆ ಹತ್ತಕ್ಕೂ 50 ಎಂದೇ ಬಂದು ಕಾರ್ಡ್‌ಗಳ ನಡುವಿನ ವ್ಯತ್ಯಾಸ ಮುಚ್ಚಿಹೋಗುತ್ತದೆ.

ಹಾಗಾದರೆ ಹಳೆಯ ಕಂಪ್ಯೂಟರಿನವರು ಏನು ಮಾಡಬೇಕು? ಈ ಪಂಥ ಹೇಳುವುದು ಇಷ್ಟು: ಕಾರ್ಡಿನ ಪರೀಕ್ಷೆಯಲ್ಲಿ ಒಂದು ಅಂಕಿ ನೋಡಿ, ಪ್ರೊಸೆಸರಿನ ಪರೀಕ್ಷೆಯಲ್ಲಿ ಇನ್ನೊಂದು ನೋಡಿ, ಎರಡರಲ್ಲಿ ಸಣ್ಣದೇ ನಿಮ್ಮ ಪಾಲಿನದು. ಬಹಳಷ್ಟು ಸಂದರ್ಭಗಳಲ್ಲಿ ಈ ಲೆಕ್ಕ ಸರಿಬರುತ್ತದೆ. ರೆಸಲ್ಯೂಷನ್ ಏರಿಸಿದರೆ ಕಾರ್ಡಿನ ಹೊರೆ ಏರುತ್ತದೆ, ಪ್ರೊಸೆಸರಿನದು ಹೆಚ್ಚುಕಡಿಮೆ ಅಷ್ಟೇ ಇರುತ್ತದೆ ಎಂಬ ಉಪಯುಕ್ತ ತಿಳಿವಳಿಕೆಯೂ ಇದೇ ಪಂಥದ ಕೊಡುಗೆ. ಸಾವಿರಾರು ಬಗೆಯ ಹಳೆಯ ಯಂತ್ರಗಳನ್ನು ಯಾರೂ ಗುಡ್ಡೆ ಹಾಕಿಕೊಂಡು ಪರೀಕ್ಷಿಸಲಾರರು ಎಂಬ ಅವರ ಮಾತನ್ನು ತಳ್ಳಿಹಾಕುವಂತೆಯೂ ಇಲ್ಲ.

ಇಡೀ ಯಂತ್ರವನ್ನು ಅಳೆಯಿರಿ ಎನ್ನುವವರು

‘ಎರಡರಲ್ಲಿ ಸಣ್ಣದು’ ಎಂಬ ಸೂತ್ರಕ್ಕೆ ಒಂದು ಊಹೆಯ ಆಧಾರವಿದೆ. ಪ್ರೊಸೆಸರಿನ ಹೊರೆ ಕಾರ್ಡ್ ಯಾವುದಾದರೂ ಒಂದೇ ಎಂಬುದು ಆ ಊಹೆ. ಅದು ಸುಳ್ಳೆಂದು ಮತ್ತೆ ಮತ್ತೆ ಕಂಡಿದೆ.

ಕಾರ್ಡಿನ ಡ್ರೈವರ್ ಓಡುವುದೂ ಪ್ರೊಸೆಸರಿನ ಮೇಲೆಯೇ. 2014-15ರ ಹೊತ್ತಿಗೆ ಡೈರೆಕ್ಟ್‌ಎಕ್ಸ್ 11ರ ಆಟಗಳಲ್ಲಿ ಎಎಂಡಿ ಡ್ರೈವರ್ ಪ್ರೊಸೆಸರಿನ ಮೇಲೆ ಹೆಚ್ಚು ಹೊರೆ ಹಾಕುತ್ತಿತ್ತು. ಡಿಜಿಟಲ್ ಫೌಂಡ್ರಿ ಎಂಬ ವಿಮರ್ಶಕರು ಇಂಟೆಲ್ ಐ3 ಪ್ರೊಸೆಸರಿನೊಂದಿಗೆ ಪರೀಕ್ಷಿಸಿದಾಗ, ಕಾಗದದ ಮೇಲೆ ಬಲಶಾಲಿಯಾದ ರೇಡಿಯಾನ್‌ಗಳು ಕೆಲವು ಆಟಗಳಲ್ಲಿ 750 ಟಿಐಗಿಂತ ಹಿಂದೆ ಬಿದ್ದವು. 2021ರ ಹೊತ್ತಿಗೆ ಚಿತ್ರ ತಿರುಗಿತು. ಹಾರ್ಡ್‌ವೇರ್ ಅನ್‌ಬಾಕ್ಸ್ಡ್ ಎಂಬ ಆಸ್ಟ್ರೇಲಿಯಾದ ವಿಮರ್ಶಕರು ಡೈರೆಕ್ಟ್‌ಎಕ್ಸ್ 12ರ ಆಟಗಳನ್ನು ಮೊದಲ ತಲೆಮಾರಿನ ರೈಜೆನ್‌ನಂಥ ಹಳೆಯ ಪ್ರೊಸೆಸರುಗಳಲ್ಲಿ ಓಡಿಸಿದಾಗ ಕೆಳದರ್ಜೆಯ ರೇಡಿಯಾನ್ ಮೇಲ್ದರ್ಜೆಯ ಜಿಫೋರ್ಸನ್ನು ಹಿಂದಿಕ್ಕಿತು. ವೇಗದ ಪ್ರೊಸೆಸರಿನಲ್ಲಿ ಮಾಡಿದ ಪರೀಕ್ಷೆಗಳಲ್ಲಿ ಇದರ ಸುಳಿವೇ ಇರಲಿಲ್ಲ.

ಮತ್ತೆ 2024ರ ಡಿಸೆಂಬರಿನಲ್ಲಿ ಇಂಟೆಲ್ 249 ಡಾಲರಿಗೆ ಆರ್ಕ್ ಬಿ580 ತಂದಿತು. ಮೊದಲ ವಿಮರ್ಶೆಗಳು ಮೆಚ್ಚಿಕೊಂಡವು, ಏಕೆಂದರೆ ಅವೆಲ್ಲ ಅತಿ ವೇಗದ ಪ್ರೊಸೆಸರಿನಲ್ಲಿ ನಡೆದಿದ್ದವು. ಮರುತಿಂಗಳು ರೈಜೆನ್ 5 2600ರಂಥ ಯಂತ್ರದಲ್ಲಿ ಪರೀಕ್ಷಿಸಿದವರಿಗೆ ಸಿಕ್ಕಿದ್ದು ಬೇರೆಯೇ ಕಥೆ. ಅನೇಕ ಆಟಗಳಲ್ಲಿ ಅದರ ಮೇಲುಗೈ ಕರಗಿಹೋಯಿತು. ಆರ್ಕ್ ಕಾರ್ಡ್‌ಗಳಿಗೆ ‘ರೀಸೈಜಬಲ್ ಬಾರ್’ ಕೂಡ ಬೇಕು. ಮೊದಲೆಲ್ಲ ಪ್ರೊಸೆಸರ್ ಕಾರ್ಡಿನ ಮೆಮೊರಿಯನ್ನು ಒಂದು ಸಲಕ್ಕೆ 256 ಎಂಬಿಯಷ್ಟು ಕಿಟಕಿಯಿಂದ ಮಾತ್ರ ನೋಡಬಹುದಿತ್ತು. ಈ ಸೌಲಭ್ಯ ಇಡೀ ಮೆಮೊರಿಯನ್ನು ತೆರೆದಿಡುತ್ತದೆ. ಹಳೆಯ ಬೋರ್ಡುಗಳಲ್ಲಿ ಅದಿಲ್ಲ. ಹವ್ಯಾಸಿಗಳು ಫರ್ಮ್‌ವೇರ್ ತಿದ್ದಿ ಕೆಲವು ಬೋರ್ಡುಗಳಲ್ಲಿ ಅದನ್ನು ತಂದುಕೊಂಡಿದ್ದಾರೆ, ಆದರೆ ತಪ್ಪಿದರೆ ಬೋರ್ಡ್ ಏಳುವುದಿಲ್ಲ.

ಇನ್ನು ಆರಂಭದಲ್ಲಿ ಹೇಳಿದ 6500 ಎಕ್ಸ್‌ಟಿ. ಮೂಲತಃ ಲ್ಯಾಪ್‌ಟಾಪಿಗೆಂದು ರೂಪಿಸಿದ ಚಿಪ್ಪಾದ್ದರಿಂದ ಅದಕ್ಕೆ ಇರುವುದು 4 ಲೇನ್ ಮಾತ್ರ, ಮೆಮೊರಿಯೂ 4 ಜಿಬಿ. ಮೆಮೊರಿ ಸಾಲದಾದಾಗ ಕಾರ್ಡ್ ಕಂಪ್ಯೂಟರಿನ ರ್‍ಯಾಮಿಗೆ ಕೈಚಾಚಬೇಕು, ಆಗ ಲೇನುಗಳ ಕಿರಿದುತನ ಕಾಡುತ್ತದೆ. 2011ರ ಐ5-2500ರಂಥ ಪ್ರೊಸೆಸರಿನ ಬೋರ್ಡುಗಳಲ್ಲಿರುವುದು ಪಿಸಿಐಇ 2.0. ಅಲ್ಲಿ 4 ಲೇನ್ ಎಂದರೆ ಸೆಕೆಂಡಿಗೆ 2 ಜಿಬಿ. 2002ರ ಎಜಿಪಿ 8ಎಕ್ಸ್ ಕೊಡುತ್ತಿದ್ದುದು 2.1 ಜಿಬಿ. 2022ರ ಕಾರ್ಡನ್ನು ಆ ಬೋರ್ಡಿಗೆ ಹಾಕಿದವರು ಇಪ್ಪತ್ತು ವರ್ಷ ಹಿಂದಿನ ದಾರಿಯಲ್ಲೇ ದತ್ತಾಂಶ ಸಾಗಿಸುತ್ತಿರುತ್ತಾರೆ. ಹೊರಪೊಟ್ಟಣದ ಮೇಲೆ ಈ ಸಂಗತಿ ಎದ್ದುಕಾಣುವಂತೆ ಇರುವುದಿಲ್ಲ.

ಈ ಎಲ್ಲ ಉದಾಹರಣೆಗಳಲ್ಲಿ ಒಂದು ಸಾಮ್ಯವಿದೆ, ಅದನ್ನು ಯಾರೂ ಸಾಕಷ್ಟು ಒತ್ತಿ ಹೇಳಿಲ್ಲ ಎಂದು ನನಗೆ ಅನ್ನಿಸುತ್ತದೆ. ಕಾರ್ಡ್ ಅಗ್ಗವಾದಷ್ಟೂ ಅದು ಸುತ್ತಲಿನ ಯಂತ್ರದ ಮೇಲೆ ಹೆಚ್ಚು ಅವಲಂಬಿಸುತ್ತದೆ. ಲೇನು, ಮೆಮೊರಿ ಎಲ್ಲವನ್ನೂ ಕತ್ತರಿಸಿ ಬೆಲೆ ಇಳಿಸಿರುತ್ತಾರೆ, ಆ ಕೊರತೆಯನ್ನು ಹೊಸ ಬೋರ್ಡು, ಹೊಸ ಪ್ರೊಸೆಸರು ತುಂಬಿಕೊಡಬೇಕು. ಅವೆರಡೂ ಇಲ್ಲದವರೇ ಅಗ್ಗದ ಕಾರ್ಡ್ ಕೊಳ್ಳುವವರು. ಆದ್ದರಿಂದ ದುಬಾರಿ ಕಾರ್ಡನ್ನು ಹೊಸ ಯಂತ್ರದಲ್ಲಿ ಪರೀಕ್ಷಿಸುವುದು ಸರಿ, ಅಗ್ಗದ ಕಾರ್ಡನ್ನು ಹೊಸ ಯಂತ್ರದಲ್ಲಿ ಮಾತ್ರ ಪರೀಕ್ಷಿಸುವುದು ತಪ್ಪು. ಇಡೀ ಯಂತ್ರವನ್ನು ಅಳೆಯುವ ಪಂಥದ ದೌರ್ಬಲ್ಯವೆಂದರೆ ಅದರ ಫಲಿತಾಂಶಗಳು ಒಂದಕ್ಕೊಂದು ಹೋಲಿಸಲು ಬರುವುದಿಲ್ಲ. ಒಬ್ಬರ ಬಳಿ ಒಂದು ಹಳೆಯ ಯಂತ್ರ, ಇನ್ನೊಬ್ಬರ ಬಳಿ ಇನ್ನೊಂದು.

ಸರಾಸರಿ ಸಾಲದು ಎನ್ನುವವರು

2011ರಲ್ಲಿ ಟೆಕ್ ರಿಪೋರ್ಟ್ ಜಾಲತಾಣದ ಸ್ಕಾಟ್ ವಾಸನ್, ಒಂದು ಸೆಕೆಂಡಿನ ಒಳಗೆ ಏನಾಗುತ್ತದೆ ನೋಡೋಣ ಎಂದು ಪ್ರತಿ ಫ್ರೇಮಿನ ಸಮಯವನ್ನೂ ದಾಖಲಿಸತೊಡಗಿದರು. ಸೆಕೆಂಡಿಗೆ 60 ಫ್ರೇಮ್ ಬಂದರೆ ಒಂದೊಂದಕ್ಕೂ ಸುಮಾರು 16.7 ಮಿಲಿಸೆಕೆಂಡ್. ಆದರೆ ಅವುಗಳಲ್ಲಿ ಒಂದೇ ಫ್ರೇಮಿಗೆ 200 ಮಿಲಿಸೆಕೆಂಡ್ ಹಿಡಿದು, ಉಳಿದ 59 ಸೇರಿ 800ರಲ್ಲಿ ಮುಗಿದರೂ ಸರಾಸರಿ 60 ಎಂದೇ ಇರುತ್ತದೆ. ಆಡುವವರ ಕೈಗೆ ಮಾತ್ರ ಆಟ ಗಕ್ಕನೆ ನಿಂತದ್ದು ತಿಳಿಯುತ್ತದೆ. 2013ರಲ್ಲಿ ಎನ್‌ವಿಡಿಯಾ ಎಫ್‌ಕ್ಯಾಟ್ ಎಂಬ ಸಾಧನ ಕೊಟ್ಟಿತು, ಎಎಂಡಿ ತನ್ನ ಡ್ರೈವರುಗಳ ತೊದಲನ್ನು ಸರಿಪಡಿಸಿಕೊಂಡಿತು. ಈಗ ಇಂಟೆಲ್ಲಿನ ಪ್ರೆಸೆಂಟ್‌ಮಾನ್, ಅದರ ಮೇಲೆ ಕಟ್ಟಿದ ಕ್ಯಾಪ್‌ಫ್ರೇಮ್‌ಎಕ್ಸ್ ಮುಂತಾದವು ಯಾರಿಗೂ ಉಚಿತ. ‘ಶೇ 1ರ ಕನಿಷ್ಠ’ (ಅತಿ ನಿಧಾನದ ಶೇ 1 ಫ್ರೇಮುಗಳ ವೇಗ) ಎಂಬ ಅಂಕಿ ವಿಮರ್ಶೆಗಳಲ್ಲಿ ಮಾಮೂಲಾಗಿದೆ.

ಹಳೆಯ ಕಂಪ್ಯೂಟರಿಗೆ ಈ ಅಳತೆ ಹೇಳಿಮಾಡಿಸಿದಂಥದ್ದು. ನಾಲ್ಕು ಕೋರಿನ ಐ5, 8 ಜಿಬಿ ರ್‍ಯಾಮ್, ಎಸ್‌ಎಸ್‌ಡಿ ಬದಲು ಹಾರ್ಡ್ ಡಿಸ್ಕ್ ಇರುವ ಯಂತ್ರದಲ್ಲಿ ಸರಾಸರಿ ಚೆನ್ನಾಗಿಯೇ ಕಂಡು ಕನಿಷ್ಠ ನೆಲಕಚ್ಚುವುದು ಸಾಮಾನ್ಯ. ಹಳೆಯ ಯಂತ್ರದ ಮುದಿತನ ಸರಾಸರಿಗಿಂತ ಮೊದಲು ಈ ತೊದಲಿನಲ್ಲೇ ಕಾಣುತ್ತದೆ. ಒಂದು ಪುಟದಲ್ಲಿ ಎರಡೇ ಅಂಕಿಗೆ ಜಾಗವಿದ್ದರೆ ಹಳೆಯ ಯಂತ್ರದ ವಿಷಯದಲ್ಲಿ ಸರಾಸರಿಯನ್ನು ಎರಡನೆಯ ಸ್ಥಾನಕ್ಕೆ ತಳ್ಳುವುದೇ ನ್ಯಾಯ.

ಕಾಲಕ್ಕೆ ತಕ್ಕ ಯಂತ್ರ ಎನ್ನುವವರು

ಇವರ ಪ್ರಶ್ನೆಯೇ ಬೇರೆ. 1990ರ ದಶಕದ, 2000ದ ಆರಂಭದ ಯಂತ್ರಗಳನ್ನು ಸಂಗ್ರಹಿಸಿ ಉಳಿಸುವ ಹವ್ಯಾಸಿಗಳಿಗೆ ಕಾರ್ಡ್ ಆ ಕಾಲದಲ್ಲಿ ಹೇಗೆ ನಡೆಯುತ್ತಿತ್ತೋ ಹಾಗೆ ನಡೆಯಬೇಕು. ವೇಗ ಹೆಚ್ಚಿದರೆ ಸಾಕೆಂಬುದು ಅಲ್ಲಿ ನಡೆಯದು. ವೂಡೂ ಕಾರ್ಡ್‌ಗಳ ಗ್ಲೈಡ್ ವ್ಯವಸ್ಥೆ ಬಳಸಿ ಬರೆದ ಆಟಗಳು 3ಡಿಎಫ್‌ಎಕ್ಸ್ ಕಾರ್ಡನ್ನೇ ಕೇಳುತ್ತವೆ, ಆದರೆ ಆ ಕಂಪನಿಯ ಆಸ್ತಿಯನ್ನು 2000ದ ಡಿಸೆಂಬರಿನಲ್ಲಿ ಎನ್‌ವಿಡಿಯಾ ಕೊಳ್ಳಲು ಒಪ್ಪಿತು. ಟೇಬಲ್ ಫಾಗ್, 8 ಬಿಟ್ ಪ್ಯಾಲೆಟ್ ಟೆಕ್ಸ್‌ಚರ್‌ನಂಥ ಸೌಲಭ್ಯಗಳನ್ನು ನಂತರದ ತಲೆಮಾರುಗಳು ಕೈಬಿಟ್ಟವು, ಅವನ್ನು ನಂಬಿದ್ದ ಆಟಗಳಲ್ಲಿ ಮಂಜು ಮಾಯವಾಗಿ ಬಣ್ಣ ಕೆಟ್ಟಿತು. 2003ರ ಸ್ಪ್ಲಿಂಟರ್ ಸೆಲ್ ಆಟದ ನೆರಳುಗಳು ಆ ಕಾಲದ ಜಿಫೋರ್ಸಿನಲ್ಲಿ ಸರಿ, ಈಚಿನ ಕಾರ್ಡ್‌ಗಳಲ್ಲಿ ತಪ್ಪು. ಇಲ್ಲಿ ಫ್ರೇಮ್ ಎಣಿಕೆಗಿಂತ ಕಣ್ಣಿಟ್ಟು ಚಿತ್ರ ಹೋಲಿಸುವುದೇ ನಿಜವಾದ ಪರೀಕ್ಷೆ.

ಈ ಬಳಗದೊಳಗೂ ಎರಡು ಮತ. ಒಂದು ಗುಂಪಿಗೆ ಕಾರ್ಡು, ಪ್ರೊಸೆಸರು, ಡ್ರೈವರು ಎಲ್ಲವೂ ಒಂದೇ ವರ್ಷದವಾಗಿರಬೇಕು. ಇನ್ನೊಂದು ಗುಂಪು ವಿಂಡೋಸ್ 98ರಲ್ಲಿ ಅಧಿಕೃತ ಡ್ರೈವರ್ ಸಿಗುವ ಕೊನೆಯ ಜಿಫೋರ್ಸ್ 6 ಸರಣಿಯ ಕಾರ್ಡ್ ಹಾಕಿ, ಅದಕ್ಕೆ ಸಾಧ್ಯವಾದಷ್ಟು ವೇಗದ ಪ್ರೊಸೆಸರ್ ಕೊಡುತ್ತದೆ. ಇವೆರಡನ್ನೂ ಬಿಟ್ಟು ಎನ್‌ಗ್ಲೈಡ್, ಡಿಜಿವೂಡೂ ಎಂಬ ಅನುವಾದಕ ತಂತ್ರಾಂಶಗಳಲ್ಲಿ, ಅಥವಾ 86ಬಾಕ್ಸಿನಂಥ ಎಮ್ಯುಲೇಟರಿನಲ್ಲಿ ಹಳೆಯ ಆಟ ಆಡುವವರೂ ಇದ್ದಾರೆ. ಹಳೆಯ ಬೋರ್ಡುಗಳನ್ನು ಉಳಿಸುವುದು ವರ್ಷದಿಂದ ವರ್ಷಕ್ಕೆ ಕಷ್ಟವಾಗುತ್ತಿದೆ. 2000ದ ಆಸುಪಾಸಿನ ಬೋರ್ಡುಗಳ ಕಳಪೆ ಕೆಪಾಸಿಟರುಗಳು ಉಬ್ಬಿ ಸೋರುವುದು ಎಲ್ಲ ರಿಪೇರಿಯವರಿಗೂ ಗೊತ್ತು. ಇಂದು ಅಂಥ ಬೋರ್ಡಿನಲ್ಲಿ ಬಂದ ಅಂಕಿ ಅಂದಿನ ಅಂಕಿಯೇ ಎಂದು ಹೇಳಲು ಧೈರ್ಯ ಬೇಕು.

ಮಾರುಕಟ್ಟೆಯ ಮೇಜಿನ ಮೇಲೆ

ಬೆಂಗಳೂರಿನ ಎಸ್.ಪಿ. ರೋಡ್, ದೆಹಲಿಯ ನೆಹರೂ ಪ್ಲೇಸ್, ಮುಂಬೈಯ ಲ್ಯಾಮಿಂಗ್ಟನ್ ರೋಡ್‌ಗಳಲ್ಲಿ ಈ ಪಂಥಗಳ ಹೆಸರು ಯಾರೂ ಹೇಳುವುದಿಲ್ಲ. ಸೆಕೆಂಡ್ ಹ್ಯಾಂಡ್ ಕಾರ್ಡನ್ನು ಮೇಜಿನ ಮೇಲಿನ ಬೋರ್ಡಿಗೆ ಸಿಕ್ಕಿಸಿ, ಡಿಸ್‌ಪ್ಲೇ ತೋರಿಸಿ, ಹೆಚ್ಚೆಂದರೆ ಐದು ನಿಮಿಷ ಹೊರೆ-ಪರೀಕ್ಷೆಯ ತಂತ್ರಾಂಶವಾದ ಫರ್‌ಮಾರ್ಕ್ ಓಡಿಸಿ, ಕೆಲವು ದಿನದ ಟೆಸ್ಟಿಂಗ್ ವಾರಂಟಿ ಕೊಡುವುದು ಅಲ್ಲಿನ ವಾಡಿಕೆ. ಫರ್‌ಮಾರ್ಕ್ ಕಾರ್ಡನ್ನು ಅತಿಯಾಗಿ ಕಾಯಿಸುತ್ತದೆ. 2010ರ ಜಿಟಿಎಕ್ಸ್ 580ಯಿಂದಲೇ ಕಾರ್ಡ್‌ಗಳು ಅದನ್ನು ಗುರುತಿಸಿ ತಮ್ಮನ್ನು ತಾವೇ ತಡೆದುಕೊಳ್ಳುತ್ತವೆ. ಹಾಗಾಗಿ ಅದು ಕೂಲಿಂಗಿನ ಪರೀಕ್ಷೆಯಾಗಬಹುದು, ಆಟದಲ್ಲಿ ಕಾರ್ಡ್ ನಿಲ್ಲುತ್ತದೆಂಬುದಕ್ಕೆ ಸಾಕ್ಷಿಯಾಗದು.

ಇಲ್ಲಿ ಇನ್ನೂ ಮೂಲಭೂತವಾದ ಪ್ರಶ್ನೆ ಕಾರ್ಡ್ ತಾನು ಹೇಳಿಕೊಳ್ಳುವ ಕಾರ್ಡೇ ಹೌದೇ ಎಂಬುದು. 2010ರ ಜಿಟಿಎಸ್ 450ಯ ಬಯಾಸ್ ತಿದ್ದಿ 1050 ಟಿಐ ಎಂದು ಮಾರಿದ್ದುಂಟು. ಜಿಪಿಯು-ಝಡ್ ತಂತ್ರಾಂಶ 2018ರಿಂದ ಇಂಥವನ್ನು ಪತ್ತೆಮಾಡುತ್ತದೆ. ಹೆಸರಿನ ಆಟ ಕಂಪನಿಗಳದ್ದೂ ಉಂಟು. ಆರ್‌ಎಕ್ಸ್ 580ರಲ್ಲಿ 2304 ಸ್ಟ್ರೀಮ್ ಪ್ರೊಸೆಸರುಗಳಿದ್ದರೆ, ಚೀನಾ ಮಾರುಕಟ್ಟೆಗೆಂದು ಬಂದ ‘580 2048ಎಸ್‌ಪಿ’ಯಲ್ಲಿ 2048 ಮಾತ್ರ. 2017ರ ಜಿಟಿ 1030ಕ್ಕೆ ಜಿಡಿಡಿಆರ್5 ಮೆಮೊರಿಯಿದ್ದು ಸೆಕೆಂಡಿಗೆ 48 ಜಿಬಿ ಸಾಗುತ್ತಿತ್ತು. ಮರುವರ್ಷ ಅದೇ ಹೆಸರಿನಲ್ಲಿ ಡಿಡಿಆರ್4 ಹಾಕಿ ಮಾರಿದ ಕಾರ್ಡಿನಲ್ಲಿ 17 ಜಿಬಿಯೂ ಇಲ್ಲ. ಇದನ್ನು ಮೋಸ ಎನ್ನಲು ನನಗೆ ಹಿಂಜರಿಕೆಯಿಲ್ಲ.

ಇನ್ನೂ ತೀರದ ಪ್ರಶ್ನೆಗಳು

‘ಹಳೆಯ ಕಂಪ್ಯೂಟರ್’ ಎಂದರೆ ಯಾವುದು ಎಂಬುದೇ ತೀರ್ಮಾನವಾಗಿಲ್ಲ. ಸ್ಟೀಮ್ ಎಂಬ ಆಟಗಳ ಆನ್‌ಲೈನ್ ಅಂಗಡಿ ನಡೆಸುವ ವಾಲ್ವ್ ಕಂಪನಿ ಜನರ ಯಂತ್ರಗಳ ಸಮೀಕ್ಷೆಯನ್ನು ಪ್ರತಿ ತಿಂಗಳೂ ಪ್ರಕಟಿಸುತ್ತದೆ, ಆದರೆ ಅದನ್ನು ಆಧರಿಸಿ ಎಲ್ಲ ವಿಮರ್ಶಕರೂ ಒಪ್ಪುವ ಒಂದು ಮಾದರಿ ಹಳೆಯ ಯಂತ್ರ ರೂಪುಗೊಂಡಿಲ್ಲ.

ಡ್ರೈವರಿನ ಹೊರೆಗೆ ಕಾರಣವೇನೆಂಬುದರಲ್ಲೂ ಒಮ್ಮತವಿಲ್ಲ. 2012ರ ಕೆಪ್ಲರಿನಿಂದ ಎನ್‌ವಿಡಿಯಾ ಕೆಲಸ ಹಂಚುವ ಹೊಣೆಯಲ್ಲಿ ಒಂದಷ್ಟನ್ನು ಚಿಪ್ಪಿನಿಂದ ತಂತ್ರಾಂಶಕ್ಕೆ ಸಾಗಿಸಿದ್ದೇ ಮೂಲ ಎಂದು ಕೆಲವರು ಹೇಳುತ್ತಾರೆ. ಅದು ಬೇರೆ ಬಗೆಯ ಹಂಚಿಕೆ, ಡೈರೆಕ್ಟ್‌ಎಕ್ಸ್ 12ರ ಆದೇಶಗಳನ್ನು ಡ್ರೈವರ್ ನಿಭಾಯಿಸುವ ರೀತಿಯಲ್ಲೇ ಕಾರಣ ಹುಡುಕಬೇಕು ಎಂದು ಇನ್ನು ಕೆಲವರು. ಮುಚ್ಚಿದ ಡ್ರೈವರಿನ ಒಳಗನ್ನು ನೋಡದೆ ಈ ವಾದ ಬಗೆಹರಿಯುವುದು ಕಷ್ಟ.

ಹೊಸ ತಂತ್ರಗಳು ಅಳತೆಗೋಲನ್ನೇ ಅಲುಗಾಡಿಸಿವೆ. ಎಎಂಡಿಯ ಎಫ್‌ಎಸ್‌ಆರ್ 2021ರಿಂದ ಜಿಟಿಎಕ್ಸ್ 10 ಸರಣಿಯಂಥ ಹಳೆಯ ಕಾರ್ಡ್‌ಗಳಲ್ಲೂ ಸಣ್ಣ ಚಿತ್ರವನ್ನು ದೊಡ್ಡದು ಮಾಡಿ ವೇಗ ಹೆಚ್ಚಿಸುತ್ತದೆ. ಕಾರ್ಡಿನ ಹೊರೆ ಇಳಿಯುವುದರಿಂದ ಭಾರ ಪ್ರೊಸೆಸರಿನ ಮೇಲೆ ಬೀಳುತ್ತದೆ, ಹಳೆಯ ಯಂತ್ರದಲ್ಲಿ ದುರ್ಬಲವಾದದ್ದು ಅದೇ. ಎರಡು ನಿಜ ಫ್ರೇಮುಗಳ ನಡುವೆ ಒಂದನ್ನು ಹುಟ್ಟಿಸಿ ಸೇರಿಸುವ ಫ್ರೇಮ್ ಜನರೇಷನ್ ಪ್ರೊಸೆಸರಿನ ಮಿತಿಯನ್ನು ದಾಟಿದಂತೆ ತೋರಿಸುತ್ತದೆ, ಆದರೆ ಕೀಲಿ ಒತ್ತಿದ್ದಕ್ಕೂ ಪರದೆ ಸ್ಪಂದಿಸಿದ್ದಕ್ಕೂ ನಡುವಿನ ಅಂತರ ತಗ್ಗುವುದಿಲ್ಲ. ಹುಟ್ಟಿಸಿದ ಫ್ರೇಮನ್ನು ಎಣಿಕೆಗೆ ಸೇರಿಸಬೇಕೇ? ನನ್ನ ಮತ ಬೇಡವೆಂದು, ಬೇಕೆನ್ನುವವರೂ ಬಹಳ.

ಪರಿಸರದ ಲೆಕ್ಕವೂ ಬಾಕಿಯಿದೆ. ಭಾರತದ ಇ-ತ್ಯಾಜ್ಯ ನಿಯಮಗಳು 2023ರ ಏಪ್ರಿಲ್ 1ರಿಂದ ಹೊಸ ರೂಪದಲ್ಲಿ ಜಾರಿಗೆ ಬಂದಿವೆ, ದುರಸ್ತಿ ಮಾಡಿ ಮತ್ತೆ ಬಳಸುವುದಕ್ಕೆ ಅವುಗಳಲ್ಲಿ ಜಾಗವಿದೆ. ಹಳೆಯ ಯಂತ್ರಕ್ಕೆ ಹೊಸ ಕಾರ್ಡ್ ಹಾಕಿ ನಾಲ್ಕು ವರ್ಷ ದೂಡುವುದು, ಎಲ್ಲವನ್ನೂ ಎಸೆದು ಕಡಿಮೆ ವಿದ್ಯುತ್ತಿನ ಹೊಸದನ್ನು ತರುವುದು, ಎರಡರಲ್ಲಿ ಯಾವುದು ಮೇಲೆಂದು ವಾಟ್, ವರ್ಷ, ತಯಾರಿಕೆಯ ಭಾರ ಎಲ್ಲ ಸೇರಿಸಿ ಅಳೆಯುವ ಪದ್ಧತಿ ಕಾರ್ಡ್ ವಿಮರ್ಶೆಗಳಲ್ಲಿ ಇನ್ನೂ ಬೇರೂರಿಲ್ಲ.

ಇವು ತೀರುವವರೆಗೆ, ಇಪ್ಪತ್ತು ಸಾವಿರ ರೂಪಾಯಿಯೊಳಗಿನ ಕಾರ್ಡನ್ನು ಪರೀಕ್ಷಿಸುವ ಪ್ರತಿಯೊಬ್ಬರೂ ತಮ್ಮ ಮೇಜಿನ ಮೇಲೆ ಪಿಸಿಐಇ 3.0 ಬೋರ್ಡು, ನಾಲ್ಕು ಅಥವಾ ಆರು ಕೋರಿನ ಪ್ರೊಸೆಸರು ಇರುವ ಒಂದು ಹಳೆಯ ಯಂತ್ರವನ್ನೂ ಇಟ್ಟುಕೊಳ್ಳಬೇಕು, ಅದರ ಶೇ 1ರ ಕನಿಷ್ಠವನ್ನು ಮೊದಲ ಪುಟದಲ್ಲೇ ಕೊಡಬೇಕು. ಕೊಳ್ಳುವವರು ಕಾರ್ಡಿನ ಲೇನು ಎಷ್ಟು, ಮೆಮೊರಿ ಯಾವ ಬಗೆಯದು, ತಮ್ಮ ಎಸ್‌ಎಂಪಿಎಸ್‌ನಲ್ಲಿ ಯಾವ ವೈರಿದೆ ಎಂದು ನೋಡಿಕೊಂಡು ಹೊರಡಿ. ಸಾಧ್ಯವಿದ್ದರೆ ನಿಮ್ಮ ಕ್ಯಾಬಿನೆಟ್ಟನ್ನೇ ಅಂಗಡಿಗೆ ಒಯ್ದು, ನೀವು ಆಡುವ ಆಟವನ್ನೇ ಅರ್ಧ ಗಂಟೆ ಓಡಿಸಿ ನೋಡದೆ ಹಣ ಕೊಡಬೇಡಿ.